ಅರ್ಲ್ ಮಗಳ ಮನೆಯಲ್ಲಿ ನಾನು ಹೇಳಿದ ಸುಳ್ಳು

ಇಂಗ್ಲೆಂಡಿಗೆ ಬಂದ ಮೊದಲ ಮುಂಜಾನೆ, ಅರ್ಲ್ ಮಗಳೊಬ್ಬಳು ಮಂಡಿಯೂರಿ ಕೋಳಿಗೂಡು ತೊಳೆಯುವುದನ್ನು ಕಂಡೆ. ಅರ್ಲ್ ಎಂದರೆ ಇಲ್ಲಿಯ ಹಳೆಯ ದೊಡ್ಡ ಮನೆತನದ ಯಜಮಾನ. ಹೋಟೆಲಿನಲ್ಲಿ ಅಡುಗೆ ಮಾಡುವ ನನಗೆ ಆ ಮುದುಕಿಯ ಮನೆಯಲ್ಲೇ ಬಾಡಿಗೆ ಕೋಣೆ ಸಿಕ್ಕಿತ್ತು.

ಚಳಿಗಾಲ, ಸಂಜೆ ನಾಲ್ಕಕ್ಕೇ ಕತ್ತಲು. ಓಣಿಯ ಬಾಗಿಲೆಲ್ಲ ಮುಚ್ಚಿರುತ್ತವೆ. ನಮ್ಮೂರ ಕಡೆಯ ಸಾಲಗುಂದದ ಬಸ್ಸಿನಲ್ಲಿ ಗುರುತಿಲ್ಲದವನೂ ಮೊಣಕೈ ತಿವಿದು ಯಾವೂರು ಎಂದು ಕೇಳುತ್ತಾನೆ. ಇಲ್ಲಿ ಮೂರು ತಿಂಗಳು ಯಾರೂ ಕೇಳಲಿಲ್ಲ.

ಆರನೇ ತರಗತಿಗೇ ಶಾಲೆ ಬಿಟ್ಟವನಿಗೆ ಇಲ್ಲಿಯ ಬಿರುದುಗಳನ್ನು ಕಲಿಸಿದವಳು ಆಕೆಯೇ. ಅಪ್ಪ ತೀರಿಕೊಂಡರೆ ಹಿರಿಮಗನೊಬ್ಬನೇ ಅರ್ಲ್. ಅವನನ್ನು ಲಾರ್ಡ್ ಎಂದು ಕರೆಯುತ್ತಾರೆ. ಹೆಣ್ಣುಮಕ್ಕಳೆಲ್ಲ ಲೇಡಿಗಳು, ಹಾಗಾಗಿ ಈಕೆ ಲೇಡಿ ಹ್ಯಾರಿಯೆಟ್. ಹಿರಿಮಗನಲ್ಲದ ಈಕೆಯ ತಮ್ಮನಿಗೆ 'ಆನರಬಲ್', ಅಂದರೆ ಮಾನ್ಯ. ಅದೂ ಲಕೋಟೆಯ ಮೇಲೆ ಮಾತ್ರ, ಬಾಯಲ್ಲಿ ಬರಿ ಮಿಸ್ಟರ್. ನಮ್ಮ ಗೊರೇಬಾಳದಲ್ಲಾದರೆ ಗೌಡರ ಮನೆಯ ತೊಟ್ಟಿಲ ಕೂಸೂ ಗೌಡನೇ.

"ನಿಮ್ಮ ಮನೆಯಲ್ಲಿ ಲಾರ್ಡ್ ಯಾರು?" ಎಂದು ಕೇಳಿದಳು.

ಯಾರೋ ಕೇಳಿದರಲ್ಲ ಎಂಬ ಖುಷಿಗೆ, "ನಮ್ಮಣ್ಣ, ಊರ ಗೌಡ" ಎಂದುಬಿಟ್ಟೆ.

ಅಣ್ಣ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ. ಚೀಲ ಹೊತ್ತು ನನ್ನನ್ನು ಸಾಕಿದವನು.

ಒಂದು ರವಿವಾರ ಅವನ ವಿಡಿಯೋ ಕಾಲ್ ಬಂತು. ತಲೆತುಂಬ ತೌಡು, ಹೆಗಲ ಮೇಲೆ ಹರಕು ಗೋಣಿ.

"ಲೇ ಬಸ್ಯಾ, ಬಿಳಿ ಮಂದಿ ನಡುವ ನೀನೂ ಬೆಳ್ಳಗಾದೇನು? ರೊಟ್ಟಿ ಸಿಗ್ತಾವೋ ಇಲ್ಲೋ?"

ಹಿಂದಿನಿಂದ ಬಂದ ಹ್ಯಾರಿಯೆಟ್ ಇವರು ಯಾರು ಎಂದಳು. "ನಮ್ಮ ಮನೆಯ ಆಳು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಣ್ಣ ಎರಡೂ ಕೈ ಮುಗಿದ. ಆಕೆ ತುಸು ತಲೆಯಾಡಿಸಿ ಹೋದಳು.

"ನಾ ಯಾರಂತ ಹೇಳಿದಿ?"

"ನಮ್ಮಣ್ಣ ಅಂದೆ."

"ಸುಳ್ಳ ಹೇಳಬ್ಯಾಡ. ಗಿರಣಿ ಸಾವ್ಕಾರ ನನಗ ದಿನಾ ಹಂಗ ತಲಿ ಅಲ್ಲಾಡಿಸ್ತಾನ. ಅಣ್ಣ ಅಂದಿದ್ರ ಆಕಿ ನಿಂತು ಮಾತಾಡ್ತಿದ್ಲು."

ಆಳು ಎಂದದ್ದನ್ನು ಹೇಳಿಬಿಟ್ಟೆ. ಅವನು ಫೋನ್ ಇಟ್ಟ.

ಹ್ಯಾರಿಯೆಟ್‌ಗೂ ಹೇಳಿದೆ. ಆಕೆ, "ಈ ಬಿರುದುಗಳ ಪಾಠ ಸಾಕು, ನನ್ನನ್ನು ಇನ್ನು ಲೇಡಿ ಅನ್ನಬೇಡ, ಹೆಸರು ಹಿಡಿದೇ ಕರೆ" ಎಂದಳು.

ಅಣ್ಣ ಈಗಲೂ ರವಿವಾರ ಫೋನ್ ಮಾಡುತ್ತಾನೆ.

"ಆರಾಮ ಅದೀರೇನ್ರಿ?"

"ಅಣ್ಣಾ, ನನಗ ರೀ ಹಚ್ಚಬ್ಯಾಡೋ."

"ಆಳು ಧಣೇರಿಗೆ ಮತ್ತೇನ ಅನ್ಬೇಕ್ರಿ?" ಎಂದು ನಗುತ್ತಾನೆ. ಆ ನಗು ಮೊದಲಿನದಲ್ಲ.

ಹೋಟೆಲಿನವರು ರಜೆ ಕೊಟ್ಟಿದ್ದಾರೆ. ಊರಿಗೆ ಟಿಕೆಟ್ ಮಾತ್ರ ಇನ್ನೂ ತೆಗೆಸಿಲ್ಲ. ನಾನು ಹೊಸ್ತಿಲು ದಾಟುತ್ತಲೇ ಅಣ್ಣ ಆಳಿನಂತೆ ಎದ್ದು ನಿಂತುಬಿಟ್ಟಾನು ಎಂಬ ಅಂಜಿಕೆ.