ಹೆಂಡತಿಯ ಮೀಟರ್

ಬೈಕ್ ಮೆಕ್ಯಾನಿಕ್ಕಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಕಾರಣ, ಕರೆಂಟು ಅಳೆಯುವ, ಅಂಗೈಯಗಲದ ಒಂದು ಹಳದಿ ಮಲ್ಟಿಮೀಟರ್. ವರ್ಷಾನುಗಟ್ಟಲೆ ಗ್ರೀಸು ಬಳಿದುಕೊಂಡವನು ಅವನು. ಗಲ್ಲಾ ನೋಡಿಕೊಳ್ಳಲು ಬಂದವಳು ಕೂತಲ್ಲೇ ಮೀಟರ್ ಕಲಿತು, ವೈರಿಂಗ್ ಕೆಲಸವನ್ನೆಲ್ಲ ಬಾಚಿಕೊಂಡಳು. ಈಗ ಬಂದವರೆಲ್ಲ ಅವನ ತಲೆಯ ಮೇಲಿಂದ ಒಳಗೆ ಇಣುಕಿ, "ಅಕ್ಕ ಇಲ್ವಾ?" ಅನ್ನುವವರೇ. ತನ್ನ ಅಂಗಡಿಯಲ್ಲಿ ತಾನೇ ಕೂಲಿಯಾಳಾದೆನಲ್ಲ ಎಂದು ಅವನಿಗೆ ಮೈಯೆಲ್ಲ ಉರಿ.

ಅವತ್ತು ಅವಳು ಬಿಡಿಭಾಗ ತರಲು ಹೋಗಿದ್ದಾಗ ಹಾಲಿನವನು ಬಂದ. ಬೈಕಿನ ಎಡಗಡೆ ಇಂಡಿಕೇಟರ್ ಹತ್ತುತ್ತಿಲ್ಲ.

"ಅಕ್ಕ ಬರೋವರೆಗೂ ಕಾಯ್ತೀನಿ ಬಿಡಣ್ಣ."

"ಯಾಕೋ, ನನ್ನ ಕೈಗೇನು ಲಕ್ವ ಹೊಡೆದಿದ್ಯಾ?"

ಅವಳು ಬರುವುದರೊಳಗೆ ಮುಗಿಸಿ, ಈ ಹಾಲಿನವನ ಬಾಯಿಂದಲೇ ಭೇಷ್ ಅನ್ನಿಸಬೇಕು. ಕೀ ತಿರುಗಿಸಿ, ಲೈಟು ಹತ್ತುತ್ತಾ ನೋಡಿ ಶುರುಮಾಡುವುದು ಅವನ ಹಳೇ ಪದ್ಧತಿ. ಅದನ್ನು ಬಿಟ್ಟು ಮೀಟರನ್ನೇ ಎತ್ತಿಕೊಂಡ. ಅವಳು ಮಾಡುವ ಹಾಗೆ ಗುಂಡಿ ತಿರುಗಿಸಿದ. ತಂತಿಗೆ ತಂತಿ ಕೂಡಿದ್ದರೆ ಅದು ಕೂಗುತ್ತದೆ. ಇಂಡಿಕೇಟರ್ ಸ್ವಿಚ್ಚನ್ನು ನಡುವೆ ನಿಲ್ಲಿಸಿ, ಅದರ ಎಡದ ತಂತಿಗೆ ಮೀಟರಿನ ಒಂದು ಕಡ್ಡಿ, ಬಲದ ತಂತಿಗೆ ಇನ್ನೊಂದು ಕಡ್ಡಿ ತಾಗಿಸಿದ. ಆಫ್ ಆಗಿರುವ ಸ್ವಿಚ್ಚು, ಮೀಟರ್ ಸುಮ್ಮನಿರಬೇಕು. ಕುಂಯ್ ಅಂತು.

"ಒಳಗೆ ಶಾರ್ಟು!" ಎಂದು ಹೊಸ ಸ್ವಿಚ್ ಹಾಕಿದ. ಮತ್ತೆ ಕುಂಯ್. ಬೈದುಕೊಂಡು ಇನ್ನೊಂದು ಹಾಕಿದ. ಅದೂ ಕುಂಯ್.

"ಎಲ್ಲಾ ಸ್ವಿಚ್ಚೂ ಒಟ್ಟಿಗೇ ಸತ್ವಾ ಅಣ್ಣ? ಏನು, ಅಂಟುರೋಗಾನಾ?" ಹಾಲಿನವನು ಕಿಸಕ್ಕೆಂದ.

ಅಷ್ಟರಲ್ಲಿ ಅವಳು ಬಂದಳು. ಒಂದು ನೋಟ ನೋಡಿ, "ರೀ, ಕಪ್ಲರ್ ಬಿಚ್ಚಿದ್ರಾ?" ಅಂದಳು.

ಬಿಚ್ಚಿರಲಿಲ್ಲ. ಸ್ವಿಚ್ಚಿನ ತಂತಿಗಳನ್ನು ಬೈಕಿಗೆ ಜೋಡಿಸುವ ಕಪ್ಲರನ್ನು ಅವಳು ಎಳೆದು ಕಡ್ಡಿ ತಾಗಿಸಿದಳು. ಮೀಟರ್ ಗಪ್‌ಚಿಪ್.

"ಇದು ಕೂಡ್ಕೊಂಡಿದ್ರೆ ಮೀಟರಿನ ಕರೆಂಟು ಎರಡೂ ಕಡೆ ಬಲ್ಬಿನೊಳಗಿಂದ ಸುತ್ತು ಹೊಡ್ಕೊಂಡು ಬರುತ್ತೆ. ಕೂಗದೆ ಇನ್ನೇನು ಮಾಡುತ್ತೆ? ಹೋಗ್ಲಿ, ಕೀ ತಿರುಗಿಸಿ ನೋಡಿದ್ರಾ?"

ಅದನ್ನೂ ನೋಡಿರಲಿಲ್ಲ. ಅವಳು ಕಪ್ಲರ್ ಸಿಕ್ಕಿಸಿ, ಕೀ ತಿರುಗಿಸಿ, ಸ್ವಿಚ್ಚನ್ನು ಎಡಕ್ಕೆ ತಳ್ಳಿದಳು. ಎಡಗಡೆ ಲೈಟು ಪಿಳಿಪಿಳಿ ಮಿಟುಕಿತು.

"ಅಕ್ಕ ಮುಟ್ಟಿದ್ದೇ ತಡ, ಹತ್ತಿತು!" ಅಂದ ಹಾಲಿನವನು.

"ಕೆಟ್ಟಿದ್ದು ಹಳೇ ಸ್ವಿಚ್ಚೇ. ಹೊಸ ಸ್ವಿಚ್ ಹಾಕಿದ್ದು ಅವರು ಕಣಪ್ಪ."

ಅವಳು ಪರ ವಹಿಸಿದ್ದು ಅವನಿಗೆ ಇನ್ನೂ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಹಾಕಿದ್ದು ನಾನು, ಹತ್ತಿಸಿದ್ದು ಅವಳು. ಊರಿಗೆಲ್ಲ ಹೇಳೋದಾದ್ರೆ ಎರಡನ್ನೂ ಹೇಳು," ಎಂದು ಸ್ಪ್ಯಾನರ್ ಎತ್ತಿಕೊಂಡು ಪಕ್ಕದ ಬೈಕಿನ ಚೈನಿಗೆ ಕೈ ಹಾಕಿದ. ಅದಕ್ಕೆ ಮೀಟರ್ ಬೇಕಿರಲಿಲ್ಲ.