ಶಾಲೆ ಜಗುಲಿಯ ಮುಯ್ಯಾಳು

ನಮ್ಮನೆಯವರು ಓದಿದ್ದು ಮೂರನೇ ಇಯತ್ತೆ. ಆದರೂ ಶಾಲೆಯಲ್ಲಿ ಅವರು ಕೂತಷ್ಟು ಈ ಊರಿನ ಯಾವ ಗಂಡಸೂ ಕೂತಿಲ್ಲ. ಆರು ವರ್ಷ ಕೂತರು. ಒಳಗೆ ಅಲ್ಲ, ಹೊರಗೆ ಜಗುಲಿಯ ಮೇಲೆ.

ಹೆಸರು ಮಂಜಪ್ಪ. ನಮ್ಮೂರು ಸಿದ್ದಾಪುರದಿಂದ ಕೋಲಸಿರ್ಸಿ ದಾಟಿ ಇನ್ನೂ ಒಳಗೆ. ಸ್ವಂತ ಗದ್ದೆ ಸ್ವಲ್ಪ, ಉಳಿದ ದಿನ ಇಬ್ಬರೂ ಕೂಲಿ. ಅವರದ್ದು ಮಾತು ಕಡಿಮೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ಕಾಲು ಎಳೆದುಕೊಂಡು "ಅಡ್ಡ ಆತಾ?" ಎಂದು ಕೇಳುವವರು. ಮದುವೆಯಾದ ಹೊಸತರಲ್ಲಿ ಇದು ಒಳ್ಳೆಯ ಗುಣ ಅಂದುಕೊಂಡಿದ್ದೆ. ಆಮೇಲೆ ತಲೆ ಚಿಟ್ಟು ಹಿಡಿಯಿತು.

ಒಬ್ಬಳೇ ಮಗಳು, ಪ್ರತಿಭಾ. ಅವಳಿಗೆ ಆಗೀಗ ಮೂರ್ಛೆ ಬರುತ್ತಿತ್ತು. ಒಂದನೇ ಇಯತ್ತೆಗೆ ಹಾಕಿದ ವರ್ಷವೇ ಶಾಲೆಯಲ್ಲಿ ಬಿದ್ದಳು. ಮಕ್ಕಳು ಕೂಗಿಕೊಂಡವು. ಒಬ್ಬರು ಕೈಗೆ ಬೀಗದ ಕೈ ಗೊಂಚಲು ಕೊಟ್ಟರು, ಒಬ್ಬರು ಮೂಗಿಗೆ ಚಪ್ಪಲಿ ಹಿಡಿದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತುರುಕಿದರು. ಮೂರ್ಛೆಯಿಂದ ಅವಳಿಗೆ ಏನೂ ಆಗಲಿಲ್ಲ, ಚಮಚದಿಂದ ತುಟಿ ಹರಿಯಿತು.

ಮಾರನೇ ದಿನ ಹೆಡ್ ಮಾಸ್ತರರು ನಮ್ಮನೆಯವರನ್ನು ಕರೆಸಿದರು.

"ಮಂಜಪ್ಪಾ, ನಂದೇನೂ ತಕರಾರಿಲ್ಲ. ಆದ್ರೆ ಹುಡುಗಿಗೆ ಎಂತಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ. ನಿಮ್ಮನೆಯಿಂದ ಒಬ್ರು ಬಂದು ಕೂತ್ಕಳೂದಾದ್ರೆ ಕಳ್ಸು."

ಇವರು "ಆತು ಮಾಸ್ತರೆ" ಎಂದು ಮನೆಗೆ ಬಂದರು.

"ಆತು ಅಂದ್ರೆ? ಗದ್ದೆಗೆ ಯಾರು ಹೋಗದು?" ಎಂದೆ.

"ಮಾಸ್ತರು ಹೇಳ್ಯಾರೆ."

"ಮಾಸ್ತರು ಬಾವಿ ಹಾರು ಅಂದ್ರೆ ಹಾರ್ತೀರಾ?"

"ಅವರು ಹಂಗೆಲ್ಲ ಹೇಳದಿಲ್ಲ. ಒಳ್ಳೆಯವರು."

ಇಂಥ ಮನುಷ್ಯನ ಹತ್ತಿರ ಜಗಳ ಆಡುವುದು ಹೇಗೆ?

ಶಿರಸಿಯ ಡಾಕ್ಟರಿಗೆ ತೋರಿಸಿದೆವು. ದಿನಾ ಮಾತ್ರೆ, ಮಧ್ಯಾಹ್ನದ್ದು ಊಟದ ನಂತರ ತಪ್ಪಿಸಬಾರದು ಎಂದರು. ಬಿದ್ದರೆ ಹತ್ತಿರದ ಬೆಂಚು ಸರಿಸಿ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಸುಮ್ಮನೆ ಪಕ್ಕದಲ್ಲಿ ಇರಿ, ಎದ್ದ ಮೇಲೆ ಸುಧಾರಿಸಿಕೊಂಡು ಪಾಠಕ್ಕೆ ಕೂರಲಿ. ಇಷ್ಟೇ. ಶಾಲೆಗೆಂದು ಇದನ್ನೇ ಚೀಟಿಯಲ್ಲಿ ಬರೆದುಕೊಟ್ಟರು. ಹೆಡ್ ಮಾಸ್ತರರು ಓದಿ, ತಲೆಯಾಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀರುವಿಗೇನು ಫಿಟ್ಸ್ ಬರುತ್ತಿತ್ತೇ?

ಹೀಗೆ ಇವರು ಜಗುಲಿಯಲ್ಲಿ ಕೂತರು. ಸುಮ್ಮನೆ ಕೂರುವುದು ಆಗದು ಎಂದು ತೆಂಗಿನ ನಾರು ಒಯ್ದು ಹಗ್ಗ ಹೊಸೆಯುತ್ತಿದ್ದರು. ಕೂತವರನ್ನು ಕಂಡರೆ ಕೆಲಸ ಹೇಳದೆ ಇರಲು ಯಾರಿಗೂ ಆಗುವುದಿಲ್ಲ. ಮೊದಲು ಗಂಟೆ ಹೊಡೆ ಎಂದರು. ಆಮೇಲೆ ನೀರು ತುಂಬು, ಹಂಚು ಸರಿ ಮಾಡು, ದನ ಓಡಿಸು. ಸರಕಾರಕ್ಕೆ ಖರ್ಚಿಲ್ಲದ ಪ್ಯೂನ್. ಒಮ್ಮೆ ಇನ್ಸ್‌ಪೆಕ್ಟರು ಬಂದು ಇವರು ಯಾರು ಎಂದು ಕೇಳಿದ್ದಕ್ಕೆ ಹೆಡ್ ಮಾಸ್ತರರು "ಬಹಳ ಸಹಕಾರ ಕೊಡುವ ಪಾಲಕರು" ಎಂದರಂತೆ. ಇವರು ಆ ಸಂಜೆ ಎರಡು ಸಲ ಅದನ್ನು ಹೇಳಿದರು. ನಾನು ದಿನವಿಡೀ ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತು ಬಂದಿದ್ದೆ. ಅನ್ನ ಬಡಿಸಿದೆ.

ವರ್ಷಕ್ಕೊಮ್ಮೆ ಸರಕಾರಿ ಡಾಕ್ಟರು ಶಾಲೆಯ ಮಕ್ಕಳ ಆರೋಗ್ಯ ನೋಡಲು ಬರುತ್ತಿದ್ದರು. ಹಲ್ಲು, ಉಗುರು, ತಲೆಯ ಹೇನು ನೋಡುವರು. ಆ ದಿನ ಪ್ರತಿಭಾಳನ್ನು ಕಳಿಸಬೇಡಿ ಎಂದು ಶಾಲೆಯಿಂದ ಹೇಳಿ ಕಳಿಸುವರು. ಯಾಕೆಂದರೆ ಡಾಕ್ಟರರ ಎದುರಿಗೇ ಬಿದ್ದುಗಿದ್ದರೆ? ಇದನ್ನು ಕೇಳಿ ನಾನು ಉರಿದುಬಿದ್ದೆ. ನಮ್ಮನೆಯವರು ಅದಕ್ಕೂ ಆತು ಎಂದರು.

ಆದರೆ ಒಂದು ಮಾತು ಹೇಳಬೇಕು. ಮಗಳು ಬಿದ್ದಾಗ ಅವರು ಓಡುತ್ತಿರಲಿಲ್ಲ. ಹಗ್ಗ ಕೆಳಗಿಟ್ಟು ಒಳಗೆ ಹೋಗಿ, ಹೆಗಲ ಮೇಲಿನ ಟವೆಲ್ಲು ಮಡಚಿ ಕೆನ್ನೆಯ ಕೆಳಗಿಟ್ಟು, ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲಿ ಕೂರುವರು. ಎಚ್ಚರಾದಾಗ "ಎದ್ಯಾ? ಲೆಕ್ಕ ನಡೀತಾ ಅದೆ ನೋಡು" ಎನ್ನುವರು. ಅದಕ್ಕೇ ಅವಳು ಹೆದರಲಿಲ್ಲ. ಬೇರೆ ಮಕ್ಕಳೂ ಕ್ರಮೇಣ ಹೆದರುವುದು ಬಿಟ್ಟವು.

ಅವಳ ಆರನೇ ಇಯತ್ತೆ ಮುಗಿಯುವ ಹೊತ್ತಿಗೆ ಅವರು ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಕು, ಒಣ ಎಲೆ ತರಲು ಹೋದವರು ಜ್ವರ ತಂದರು. ಮಂಗನ ಕಾಯಿಲೆ ಎಂದರು ಆಸ್ಪತ್ರೆಯಲ್ಲಿ. ಉಳಿಯಲಿಲ್ಲ. ಹೆಚ್ಚು ಬರೆಯುವುದಿಲ್ಲ. ಬರೆದರೆ ವಾಪಸು ಬರುವವರಲ್ಲ.

ಹೆಡ್ ಮಾಸ್ತರರು ಮನೆಗೆ ಬಂದು ಕಣ್ಣೀರು ಹಾಕಿದರು. ನಿಜವಾದ ಕಣ್ಣೀರೇ. ಮುಖ ಒರೆಸಿಕೊಂಡು, ಶಾಲೆ ಶುರುವಾದ ಮೇಲೆ ಯಾರು ಬಂದು ಕೂರುತ್ತೀರಿ ಎಂದು ಕೇಳಿದರು.

"ಯಾರಿದ್ದಾರೆ ಮಾಸ್ತರೆ? ನಾ ಕೂತ್ರೆ ಒಲೆ ಹತ್ತದಿಲ್ಲ."

"ಹಂಗಾರೆ ಮನೇಲೇ ಓದ್ಕಳ್ಲಿ ದ್ಯಾವಮ್ಮ. ಪರೀಕ್ಷೆಗೆ ಮಾತ್ರ ಕರ್ಕಂಡು ಬಾ. ನಾನೂ ಮಕ್ಕಳು ಮರಿ ಇದ್ದವನು."

ಪ್ರತಿಭಾ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದಳು. ಶಾಲೆ ಶುರುವಾದ ದಿನ ಸಮವಸ್ತ್ರ ಹಾಕಿ, ಚೀಲ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ಅಳಲಿಲ್ಲ. ಮಧ್ಯಾಹ್ನದವರೆಗೂ ಏಳಲಿಲ್ಲ. ಏಳನೇ ಇಯತ್ತೆಗೇ ಇವಳ ಓದು ನಿಲ್ಲುತ್ತದೆ ಎಂದು ನನಗೆ ಕಂಡಿತು.

ಸಿದ್ದಾಪುರದ ಒಂದು ಕಚೇರಿಗೆ ಹೋದೆ. ಅಂಗವಿಕಲ ಮಕ್ಕಳಿಗೆ ಶಾಲೆಯಲ್ಲಿ ಅನುಕೂಲ ಮಾಡಿಕೊಡಬೇಕು ಎಂದು ಕಾನೂನು ಬಂದಿದೆಯಂತೆ ಎಂದು ಯಾರೋ ಹೇಳಿದ್ದರು. ಮೇಜಿನ ಹಿಂದಿದ್ದವರು ಕೇಳಿದರು, "ಕೈ ಸರಿ ಇದೆಯಾ?" ಇದೆ. "ಕಾಲು?" ಇದೆ. "ಕಣ್ಣು, ಕಿವಿ?" ಇದೆ. "ಮತ್ತೆಂತ ಅಂಗವಿಕಲ? ಫಿಟ್ಸು ನಮ್ಮ ಪಟ್ಟಿಯಲ್ಲಿ ಇಲ್ಲ. ಹುಡುಗಿ ಸರಿ ಇದ್ದಾಳೆ, ಶಾಲೆಗೆ ಕಳಿಸಿ."

"ಶಾಲೆಯವರು ಸರಿ ಇಲ್ಲ ಅಂತಾರೆ."

"ಹಾಗಾದರೆ ಶಾಲೆಯವರನ್ನೇ ಕೇಳಿ."

ಬಸ್ಸಿಗೆ ಕಾಯುತ್ತ ನಿಂತಾಗ ನಗು ಬಂತು. ಪಕ್ಕದಲ್ಲಿದ್ದ ಹೆಂಗಸು ದೂರ ಸರಿದಳು.

ಆ ಹೊತ್ತಿಗೆ ನಾಟಿ ಹತ್ತಿರ ಬಂದಿತ್ತು. ನಮ್ಮ ಕಡೆ ನಾಟಿಗೆ ಮುಯ್ಯಾಳು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಕೂಲಿ ಇಲ್ಲ, ಆಳಿಗೆ ಆಳು. ಮುಯ್ಯಿ ತೀರಿಸದವರ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ಪಕ್ಕದ ಮನೆಯ ಗೌರಕ್ಕ ನನ್ನನ್ನು ಕರೆಯಲು ಬಂದಳು. ಹೊಸ್ತಿಲಲ್ಲಿ ಚೀಲ ಹಿಡಿದು ಕೂತ ಪ್ರತಿಭಾಳನ್ನು ನೋಡಿದಳು.

"ನಿನ್ನ ಗದ್ದೆ ನಾಟಿ ಎರಡು ದಿನದಾಗೆ ಮುಗೀತದೆ. ನೀ ಮಾತ್ರ ಎಲ್ಲಾರ ಗದ್ದೆಗೂ ಬತ್ತೀಯ. ಉಳಿದ ಮುಯ್ಯಿ ಎಲ್ಲಿ ತೀರ್ಸದು ನಾವು?" ಎಂದಳು. ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಮತ್ತೆ, "ಶಾಲೆ ಜಗಲಿ ಮೇಲೆ ತೀರಿಸ್ತೀವಿ ತಗ. ನೀ ನನ್ನ ಗದ್ದೆಗೆ, ನಾ ನಿನ್ನ ಶಾಲೆಗೆ."

"ಜಗಲಿ ಮೇಲೆ ಕೂರದು ಕೆಲಸವೇನೆ?"

"ನಿನ್ನ ಗಂಡ ಮಾಡಿದ್ದು ಕೆಲಸ ಅಲ್ದಾ ಹಂಗಾರೆ?"

ಆರು ವರ್ಷದಲ್ಲಿ ಈ ಮಾತು ನನಗೆ ಹೊಳೆದಿರಲಿಲ್ಲ.

ಮೊದಲ ದಿನ ಗೌರಕ್ಕ ಹೋದಳು. ಬಾಯಿ ತುಂಬ ಕವಳ, ಕಿಟಕಿಯಲ್ಲಿ ಮುಖ. ಹೆಡ್ ಮಾಸ್ತರರು ಬೇಸಾಯದ ಪಾಠ ಮಾಡುತ್ತಿದ್ದರು. "ಅಷ್ಟು ಗೊಬ್ಬರ ಹಾಕಿದ್ರೆ ಸಸಿ ಸುಟ್ಟು ಹೋಗ್ತದೆ ಮಾಸ್ತರೆ" ಎಂದಳು. ಮರುದಿನ ನಮ್ಮ ನಾಟಿ ಗುಂಪಿನ ಜಯಾ ಕೈಗೂಸು ಕಟ್ಟಿಕೊಂಡು ಹೋದಳು. ಕೂಸು ಅತ್ತಿತು, ಇಡೀ ಶಾಲೆ ಅದನ್ನು ಆಡಿಸಲು ಹೊರಗೆ ಬಂತು. ಹೆಡ್ ಮಾಸ್ತರರು ಸಂಜೆ ನಾಟಿ ಗದ್ದೆಯ ಬದುವಿಗೇ ಬಂದು ನಿಂತರು.

"ಇದು ಶಾಲೆಯೋ ಸಂತೆಯೋ ದ್ಯಾವಮ್ಮ?"

ನಾನು ಬಗ್ಗಿದವಳು ಏಳುವ ಮೊದಲೇ ಗೌರಕ್ಕ ಹೇಳಿದಳು, "ನೀವೇ ಅಲ್ದಾ ಆಳು ಬೇಕು ಅಂದಿದ್ದು? ಆಳು ಕಳ್ಸಿದೀವಿ. ಕೂಸಿಗೆ ಕೂಲಿ ಬೇಡ."

ಗದ್ದೆಯಲ್ಲಿದ್ದವರೆಲ್ಲ ನಕ್ಕರು. ಮಾಸ್ತರರು ಪಂಚೆ ಎತ್ತಿ ಹಿಡಿದುಕೊಂಡು ವಾಪಸು ಹೋದರು.

ಅದೇ ವಾರ ಶಾರದವ್ವನ ಸರದಿ ಬಂತು. ವಯಸ್ಸಾದವಳು. ಬಗ್ಗಿ ನಾಟಿ ಮಾಡಲಾಗದು, ಆದರೆ ಅವಳ ಮನೆಯ ಗದ್ದೆಗೆ ನಾನು ಹೋಗಿದ್ದೆ, ಮುಯ್ಯಿ ತನ್ನದೇ ಎಂದು ಹಟ ಹಿಡಿದು ಹೋದಳು. ಜಗುಲಿಯ ಕಂಬಕ್ಕೆ ಒರಗಿದವಳಿಗೆ ನಿದ್ದೆ ಬಂತು. ಒಳಗೆ ಪ್ರತಿಭಾ ಬಿದ್ದಳು.

ಮುಂದಿನದನ್ನು ಮಗಳ ಗೆಳತಿಯರು ಹೇಳಿದ್ದು. ಹೆಡ್ ಮಾಸ್ತರರು "ಮಂಜಪ್ಪಾ" ಎಂದು ಕೂಗಿದರಂತೆ. ಅಭ್ಯಾಸ. ಆಮೇಲೆ ಅವರೇ ಬೆಂಚು ಸರಿಸಿದರು. ಮಗ್ಗುಲಿಗೆ ಹೊರಳಿಸಿದರು. ಮಡಚಲು ಟವೆಲ್ಲಿರಲಿಲ್ಲ, ಅಂಗಿ ಬಿಚ್ಚಿ ಕೆನ್ನೆಯ ಕೆಳಗಿಟ್ಟರು. ಬನಿಯನ್ನಿನಲ್ಲೇ ನೆಲದ ಮೇಲೆ ಕೂತರು. ಎಚ್ಚರಾದ ಮೇಲೆ ನೀರು ಕೊಟ್ಟು, ಹೊತ್ತು ನೋಡಿ ಅವಳ ಚೀಲದಲ್ಲಿದ್ದ ಮಾತ್ರೆಯನ್ನೂ ಕೊಟ್ಟರು.

ಶಾರದವ್ವ ಸಂಜೆ ನನ್ನ ಮನೆಗೆ ಬಂದು ಖಂಡಿತವಾಗಿ ಹೇಳಿದಳು. "ಇವತ್ತಿನ ಆಳು ನಾನಲ್ಲ, ನಿದ್ದೆ ಮಾಡಿದೆ. ಮಾಸ್ತರು ಮಾಡಿದ್ದು. ನಿನ್ನ ಮುಯ್ಯಿ ಅವರಿಗೆ ತೀರ್ಸು."

ಸುಳ್ಳಲ್ಲ. ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಶಾಲೆಗೆ ಹೋದೆ.

"ಎಂತದು ದ್ಯಾವಮ್ಮ?"

"ನಿಮ್ಮ ಒಂದು ದಿನದ ಮುಯ್ಯಿ ನನ್ನ ಮೇಲಿದೆ ಮಾಸ್ತರೆ. ಎಂತ ಮಾಡಲಿ ಹೇಳಿ."

ಅವರಿಗೆ ನಾಚಿಕೆಯಾಯಿತು. "ಛೆ ಛೆ, ಮುಯ್ಯಿ ಎಂತಕ್ಕೆ? ಮಗು ನಮ್ಮ ಶಾಲೆದು. ಅದು ನನ್ನ ಕೆಲಸವೇ ಅಲ್ದನೆ?"

ನಾನು ಗುದ್ದಲಿ ಕೆಳಗಿಟ್ಟೆ. ಜಗುಲಿಯ ಕಂಬದ ಮೊಳೆಯಲ್ಲಿ ನಮ್ಮನೆಯವರ ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು.

"ಹಂಗಾರೆ ಆರು ವರ್ಷ ಅವರು ಇಲ್ಲಿ ಕೂತು ಮಾಡಿದ್ದು ಯಾರ ಕೆಲಸ?"

ಅವರು ಒಳಗೆ ಹೋಗಿ ಬೀರು ತೆಗೆದು ಡಾಕ್ಟರರ ಚೀಟಿ ಹುಡುಕಿದರು. ಅದನ್ನು ತರಗತಿಯ ಗೋಡೆಗೆ ಅಂಟಿಸಿದರು. "ನಾಳೆಯಿಂದ ಯಾರೂ ಬರೂದು ಬೇಡ. ಮಾತ್ರೆ ನನ್ನ ಹತ್ರ ಕೊಡು" ಎಂದರು.

ಪ್ರತಿಭಾ ಏಳನೇ ಇಯತ್ತೆ ಪಾಸಾದಳು. ಆ ವರ್ಷ ಇನ್ನೂ ಎರಡು ಸಲ ಬಿದ್ದಳು, ಎರಡು ಸಲವೂ ಹೆಡ್ ಮಾಸ್ತರರೇ ನೋಡಿಕೊಂಡರು. ಅಷ್ಟು ಸುಲಭದ ಕೆಲಸ ಅದು.

ಗುದ್ದಲಿ ಹಿಡಿದು ಹೋದ ಆ ದಿನ ಮಾಸ್ತರರು ಬೇಡ ಬೇಡ ಎಂದರೂ ನಾನು ಶಾಲೆಯ ಹಿಂದಿನ ಚರಂಡಿ ಸಂಜೆಯವರೆಗೆ ಬಿಡಿಸಿಯೇ ಬಂದೆ. ಮುಯ್ಯಿ ಉಳಿಸಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ನಮ್ಮನೆಯವರ ಆರು ವರ್ಷದ್ದು ಶಾಲೆಯ ಮೇಲೆ ಹಾಗೇ ಇದೆ.