ಸಾಗಾಳ ತುತ್ತು

ಬಿಸಿ ಅನ್ನದ ಮೇಲೆ ಬೆಲ್ಲ ಕರಗುವ ವಾಸನೆ ಬಂದರೆ ನನಗೆ ಈಗಲೂ ಕುದುರೆ ನೆನಪಾಗುತ್ತದೆ. ನಗಬೇಡಿ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಅಪ್ಪನಿಗೆ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಬಾಡಿಗೆ ಮನೆಯ ಹಿಂದೆಯೇ ಬಿರ್ಗಿಟ್ಟಾ ಎಂಬ ಹೆಂಗಸಿನ ಲಾಯ, ಅದರಲ್ಲಿ ಸಾಗಾ ಎಂಬ ಕಂದು ಹೆಣ್ಣು ಕುದುರೆ. ಸಾಗಾಳಿಗೆ ಹೊಟ್ಟೆಹುಣ್ಣು. ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಮ್ಲ ಊರುತ್ತಲೇ ಇರುತ್ತದಂತೆ. ಹುಲ್ಲು ಅಗಿಯುತ್ತಿದ್ದರೆ ಜೊಲ್ಲು ಇಳಿದು ಅದನ್ನು ತಣಿಸುತ್ತದೆ, ಹೊಟ್ಟೆ ಬರಿದಾದರೆ, ಕಾಳು ಸಿಹಿ ಹೆಚ್ಚಾದರೆ ಹುಣ್ಣು ಕೆರಳುತ್ತದೆ. ಇದನ್ನೆಲ್ಲ ಹೇಳಿಕೊಟ್ಟ ಬಿರ್ಗಿಟ್ಟಾ, ಹತ್ತು ವರ್ಷದ ನನ್ನನ್ನು ನಂಬಿ ಲಾಯದ ಬೀಗದ ಕೈ ಕೊಟ್ಟಿದ್ದಳು. ಶಾಲೆ ಬಿಟ್ಟವಳೇ ಓಡಿ ಹೋಗಿ ಒಣಹುಲ್ಲನ್ನು ಬಲೆಚೀಲಕ್ಕೆ ತುಂಬಿ ತೂಗುಹಾಕುತ್ತಿದ್ದೆ. ಆ ಊರಿನಲ್ಲಿ ನನ್ನ ದಾರಿ ಕಾಯುತ್ತಿದ್ದ ಗೆಳತಿ ಸಾಗಾ ಒಬ್ಬಳೇ.

ಅಮ್ಮ ಉಡುಪಿಯವಳು. ಊಟಕ್ಕೆ ಮೊದಲಿನ ತುತ್ತು ಗೋವಿಗೆ ಎಂಬುದು ಅವಳ ತವರಿನ ಕ್ರಮ. ಇಲ್ಲಿ ಹಸು ಎಲ್ಲಿಂದ ತರುವುದು? ದಿನಾ ಮಧ್ಯಾಹ್ನ ಬೆಲ್ಲ ಕಲಸಿದ ಅನ್ನದ ಉಂಡೆಯನ್ನು ಬೇಲಿಯಾಚೆಗೆ ಸಾಗಾಳಿಗೆ ಚಾಚತೊಡಗಿದಳು. ತುತ್ತು ಎನ್ನುವುದು ಹೆಸರಿಗೆ. ಅಮ್ಮನದು ಧಾರಾಳ ಕೈ. ಒಂದು ರಜೆಯ ದಿನ ಕಣ್ಣಾರೆ ಕಂಡು, ಬೇಡವೇ ಬೇಡವೆಂದು ಅತ್ತೆ.

"ಒಂದು ತುತ್ತು ಅನ್ನಕ್ಕೆ ಎಂತ ಆಗ್ತದೆ ಮಾರಾಯ್ತಿ? ದೇವರ ಪಾಲು ಅದು. ಬಿರ್ಗಿಟ್ಟಾಗೆ ಹೇಳ್ಬೇಡ, ಆಯ್ತಾ?"

ನಾನು ಹೇಳಲಿಲ್ಲ.

ಬಿರ್ಗಿಟ್ಟಾ ಹುಣ್ಣಿಗೆ ಕೊಡುತ್ತಿದ್ದ ಮದ್ದು ನಾಟಲಿಲ್ಲ. ಸಾಗಾ ಹುಲ್ಲು ಬಿಟ್ಟಳು, ಪಕ್ಕೆಯತ್ತ ತಿರುಗಿ ತಿರುಗಿ ನೋಡುತ್ತ ಹಲ್ಲು ಮಸೆಯತೊಡಗಿದಳು. ಒಂದು ಸಂಜೆ ಬಿರ್ಗಿಟ್ಟಾ, ಬೇಲಿಯ ಬುಡದಲ್ಲಿ ಸಿಕ್ಕ ಅರ್ಧ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು. ಯಾರು ಕೊಟ್ಟದ್ದೆಂದು ಕೇಳಿದಳು. ಅಮ್ಮ ನನ್ನ ಮುಖ ನೋಡಲಿಲ್ಲ. ತನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ, "ಹುಡುಗಿ. ಸಣ್ಣವಳು, ಗೊತ್ತಾಗುವುದಿಲ್ಲ" ಎಂದಳು. ಹೆತ್ತ ತಾಯಿ! ಬಿರ್ಗಿಟ್ಟಾ ನನ್ನತ್ತ ಕೈ ಚಾಚಿದಳು. ಕೊರಳ ದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ.

"ಮಕ್ಕಳು ಮಾಡಿದ್ದಾದ್ರೆ ಅವಳು ಕ್ಷಮಿಸ್ತಾಳೆ ಅಂದ್ಕೊಂಡೆ ಮಗಾ," ಎಂದು ಅಮ್ಮ ಆಮೇಲೆ ತಲೆ ಸವರಿದಳು. ಉಂಡೆ ಕೊಡುವುದನ್ನು ಅಂದೇ ನಿಲ್ಲಿಸಿದಳು. ನಿಜ ಹೇಳುವುದಕ್ಕೆ ಮಾತ್ರ ಹೋಗಲಿಲ್ಲ.

ಬೇಸಿಗೆಗೆ ಸಾಗಾ ಹುಷಾರಾಗಿ ಹಸಿರು ಮೇಯತೊಡಗಿದಳು. ನನ್ನನ್ನು ಕಂಡರೆ ಬೇಲಿಯವರೆಗೂ ಓಡಿ ಬಂದು ಬರಿಗೈ ಮೂಸುತ್ತಿದ್ದಳು. ಬಿರ್ಗಿಟ್ಟಾ ಬಂದು ಅವಳನ್ನು ಎಳೆದೊಯ್ಯುತ್ತಿದ್ದಳು. ಅಮ್ಮ ಇವತ್ತಾದರೂ ಹೋಗಿ 'ನಾನೇ' ಎನ್ನುತ್ತಾಳೆಂದು ಎಷ್ಟು ದಿನ ಕಾದೆನೋ.

ಈಗ ಸಾಗಾ ಇಲ್ಲ, ಲಾಯವಿಲ್ಲ, ಅಮ್ಮನೂ ಇಲ್ಲ. ಗೋಥೆನ್‌ಬರ್ಗ್‌ನ ನನ್ನ ಅಡುಗೆಮನೆಯಲ್ಲಿ ಅಮ್ಮನ ತಿಥಿಯ ದಿನ ಬೆಲ್ಲ ಕಲಸಿ ಮೊದಲ ತುತ್ತು ಎತ್ತಿಡುತ್ತೇನೆ. ಯಾವ ಪ್ರಾಣಿಗೂ ಕೊಡುವುದಿಲ್ಲ. ಅಂದು ನಾನು ಕೊಟ್ಟೆನೆಂದು ಅಮ್ಮ ಹೇಳಿದ್ದಳಲ್ಲ, ಆ ತುತ್ತನ್ನು ಇಂದು ನಾನೇ ತಿನ್ನುತ್ತೇನೆ.